ಕೆಳಸಾಲಿನ ಕೊನೆಯ ಮನೆ

ಕಲೆ ನೋಡಿ ಕಾಯಿಲೆ ಹೇಳುವವಳು ಎಂದು ಅವಳಿಗೆ ಹೆಸರು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಹದಿನಾಲ್ಕು ವರ್ಷದಿಂದ ಅಲ್ಲಿ ಅವಳದು ಒಂದೇ ಕೆಲಸ. ವಾರ್ಡುಗಳಿಂದ ಇಳಿದು ಬರುವ ಗಂಟು ಬಿಚ್ಚಬೇಕು. ಹಾಸಿಗೆ ಬಟ್ಟೆ ಕೊಡವಬೇಕು. ಕೊಡವಿದರೆ ಸೂಜಿ ಬೀಳುತ್ತದೆ, ಹತ್ತಿ ಬೀಳುತ್ತದೆ, ಒಮ್ಮೊಮ್ಮೆ ಯಾರದೋ ಹಲ್ಲಿನ ಸೆಟ್ಟೂ ಬೀಳುತ್ತದೆ. ರಕ್ತದ್ದು ಒಂದು ಕಡೆ. ಹೇಲುಚ್ಚೆಯದ್ದು ಒಂದು ಕಡೆ. ಔಷಧಿಯದ್ದು ಇನ್ನೊಂದು ಕಡೆ. ರಕ್ತದ ಬಟ್ಟೆಯನ್ನು ಬಿಸಿನೀರಿಗೆ ಹಾಕಿದರೆ ಕಲೆ ಜನ್ಮಕ್ಕೂ ಬಿಡುವುದಿಲ್ಲ. ಇದು ಮೇಲಿನ ಡಾಕ್ಟರುಗಳಿಗೆ ಗೊತ್ತಿಲ್ಲ. ಅವಳಿಗೆ ಗೊತ್ತು.

ಏನು ಮಾಡಿದರೂ ಹೋಗದ ಕಲೆ ಬಂದರೆ ಬಟ್ಟೆಯ ಕೆಳಮೂಲೆಯಲ್ಲಿ ಕಪ್ಪು ದಾರದಲ್ಲಿ ಇಂಟು ಗುರುತು ಹೊಲಿಯುತ್ತಾಳೆ. ಕಪ್ಪು ಇಂಟು ಬಿದ್ದ ಬಟ್ಟೆಯನ್ನು ಮತ್ತೆ ಯಾರೂ ಮೆಷಿನ್ನಿಗೆ ಹಾಕುವಂತಿಲ್ಲ. ಸೂಪರ್‌ವೈಸರೂ ಹಾಕುವಂತಿಲ್ಲ. ಆ ಕಟ್ಟಡದಲ್ಲಿ ಅವಳ ಮಾತು ನಡೆಯುವ ಜಾಗ ಅದೊಂದೇ, ನಾಲ್ಕು ಬೆರಳಗಲದ ಮೂಲೆ.

ಬ್ಲೀಚಿಂಗ್ ನೀರು ತಿಂದು ಅವಳ ಬೆರಳ ತುದಿಗಳು ಸತ್ತಿವೆ. ಬಿಸಿಯೋ ತಣ್ಣಗೋ ನೋಡಲು ಮೊಣಕೈ ಅದ್ದುತ್ತಾಳೆ. ಬೆರಳಷ್ಟೇ ಅಲ್ಲ. ಬರಬರುತ್ತಾ ಒಳಗೂ ಏನೋ ಹಾಗೇ ಆಗಿತ್ತು. ಯಾರು ಏನು ಅಂದರೂ ತಟ್ಟುತ್ತಿರಲಿಲ್ಲ.

ಅಂಥವಳು ಒಂದು ಸಂಜೆ ಮಗಳ ಒಳಚಡ್ಡಿ ಒಗೆಯಲು ತೆಗೆದುಕೊಂಡಳು. ಎಡತೊಡೆಯ ಹಿಂಬದಿಗೆ ತಾಗುವ ಜಾಗದಲ್ಲಿ ಕಲೆ. ನಾಣ್ಯದಷ್ಟು ಅಗಲ. ಅಂಚು ಹಳದಿ, ನಡುವೆ ಗುಲಾಬಿ. ಬಿದ್ದ ಗಾಯದ ಕಲೆ ಹಾಗಿರುವುದಿಲ್ಲ. ಕಚ್ಚಿದ್ದು, ಕೆರೆದದ್ದು ಹಾಗಿರುವುದಿಲ್ಲ. ತಿಂಗಳುಗಟ್ಟಲೆ ಮಗ್ಗುಲು ಬದಲಿಸದೆ ಮಲಗಿದ ರೋಗಿಯ ಹಾಸಿಗೆಯಲ್ಲಿ ಮಾತ್ರ ಆ ಬಣ್ಣ ಇರುತ್ತದೆ. ಅದು ಒತ್ತಿ ಒತ್ತಿ ಆದ ಗಾಯ.

ಮಗಳನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದು. ಒಂಬತ್ತು ವರ್ಷ. ಹುಟ್ಟುವಾಗ ಉಸಿರು ತಡವಾಯಿತು. ಕೈಕಾಲು ಅವಳ ಮಾತು ಕೇಳುವುದಿಲ್ಲ. ಬಾಯಿಂದ ಮಾತು ಬರುವುದಿಲ್ಲ. ಕಿವಿ ಚುರುಕು, ತಲೆ ಚುರುಕು. ಅಪ್ಪನೆಂಬುವನು ಮಗುವಿಗೆ ಎರಡಾದಾಗ ಕೆಲಸ ಹುಡುಕಿಕೊಂಡು ಬರುತ್ತೇನೆಂದು ಹೋದವನು ಇನ್ನೂ ಹುಡುಕುತ್ತಿದ್ದಾನೆ.

ಗುಬ್ಬಿ ಕಣ್ಣು ಮೇಲೆತ್ತಿದರೆ ಹೌದು. ಎತ್ತದಿದ್ದರೆ? ಅದು ಬೇಡವೋ, ಕೇಳಿಸಲಿಲ್ಲವೋ, ಸುಸ್ತೋ, ಅಮ್ಮನ ಮೇಲೆ ಕೋಪವೋ, ಯಾರಿಗೆ ಗೊತ್ತು. ಒಂದು ವಿಷಯ ತಿಳಿಯಲು ನೂರು ಪ್ರಶ್ನೆ ಕೇಳಬೇಕು. ಆ ಸಂಜೆ ತಾಯಿ ಕೇಳುತ್ತಾ ಹೋದಳು.

"ಮನೇಲಾ?" ಕಣ್ಣು ಏಳಲಿಲ್ಲ. "ವ್ಯಾನಲ್ಲಾ?" ಏಳಲಿಲ್ಲ. "ಶಾಲೇಲಾ?" ಕಣ್ಣು ಮೇಲೆ. "ಯಾರಾದ್ರೂ ಹೊಡೆದ್ರಾ?" ಇಲ್ಲ. "ಆಯಾನಾ?" ಇಲ್ಲ. "ಕುರ್ಚಿನಾ?" ಕಣ್ಣು ಮೇಲೆ. "ಕುರ್ಚಿ ಬೆಲ್ಟಾ?" ಕಣ್ಣು ಮೇಲೆ ಹೋದದ್ದು ಅಲ್ಲೇ ನಿಂತಿತು, ಬಿಳಿ ಗುಡ್ಡೆ ಕಾಣುವಷ್ಟು.

"ಎಷ್ಟು ಹೊತ್ತು ಕಟ್ತಾರೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಕಣ್ಣಿನಲ್ಲಿ ಉತ್ತರವಿಲ್ಲ. 

ಮರುದಿನ ವಾರ್ಡಿನ ನರ್ಸೊಬ್ಬಳು ಮುಲಾಮು ಕೊಟ್ಟಳು. "ಅದರ ಮೇಲೆ ಭಾರ ಬೀಳಬಾರದು. ಹೀಗೇ ಬಿಟ್ರೆ ಮೂಳೆಗೆ ಇಳಿಯುತ್ತೆ. ಆಮೇಲೆ ನಮ್ಮ ಕೈಲೂ ಇಲ್ಲ," ಎಂದಳು.

ತಾಯಿ ಶಾಲೆಗೆ ಹೋದಳು. ಮಾತು ಬಾರದ, ನಡೆಯಲಾರದ ಮಕ್ಕಳ ಶಾಲೆ. ಹನ್ನೊಂದು ಮಕ್ಕಳಿಗೆ ಒಬ್ಬಳು ಆಯಾ. ಗೋಡೆಯ ಮೇಲೆ ದಾನ ಕೊಟ್ಟವರ ಹೆಸರುಗಳು. ಹೆಡ್ ಮೇಡಂ ಎದುರಿಗೆ ಕುರ್ಚಿ ಇತ್ತು. ಕೂತ್ಕೋ ಅನ್ನಲಿಲ್ಲ.

"ನೋಡಮ್ಮ, ಇಲ್ಲಿ ಯಾರೂ ಮಕ್ಕಳನ್ನ ಕಟ್ಟಿಹಾಕಲ್ಲ. ಬೆಲ್ಟು ಇರೋದು ಬೀಳದೆ ಇರಲಿ ಅಂತ. ನೋವಾಗಿದ್ರೆ ಮಗು ಹೇಳ್ತಿತ್ತು."

"ಅವಳಿಗೆ ಮಾತು ಬರಲ್ವಲ್ಲ ಮೇಡಂ."

"ಅದಕ್ಕೇ ತಾನೇ ಟ್ಯಾಬ್ ಕೊಟ್ಟಿರೋದು." ಮೇಡಂ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. "ಮಕ್ಕಳು ಒತ್ತಿದ್ದೆಲ್ಲಾ ಇದರಲ್ಲಿ ದಾಖಲಾಗುತ್ತೆ. ಈ ಆರು ತಿಂಗಳಲ್ಲಿ ನಿಮ್ಮ ಮಗಳು ನೀರು ಅಂತ ನಲವತ್ತು ಸಲ ಒತ್ತಿದಾಳೆ. ಸಂತೋಷ ಅಂತ ಹದಿನೇಳು ಸಲ. ನೋವು ಅಂತ ಒಂದೇ ಒಂದು ಸಲ ಒತ್ತಿಲ್ಲ. ನಾನು ಹೇಳೋದಲ್ಲ, ಮೆಷಿನ್ ಹೇಳ್ತಿದೆ."

ತಾಯಿ ಮೆಷಿನ್ ನೋಡಿದಳು. ಓದಲು ಬರುತ್ತಿರಲಿಲ್ಲ. ಸೊನ್ನೆ ಮಾತ್ರ ಗುರುತು ಸಿಕ್ಕಿತು.

ಆ ಟ್ಯಾಬಿಗೆ ಒಗೆಯುವ ಹೆಂಗಸರು ಮಾತಿನ ಹಲಗೆ ಎಂದು ಹೆಸರಿಟ್ಟಿದ್ದರು. ಗಾಜಿನ ಹಲಗೆ. ಅದರಲ್ಲಿ ಮೂರು ಸಾಲು, ಸಾಲಿಗೆ ನಾಲ್ಕು ಮನೆ. ಮನೆಗೊಂದು ಚಿತ್ರ. ಮುಷ್ಟಿ ತಾಗಿಸಿದರೆ ಹಲಗೆ ಮಾತಾಡುತ್ತದೆ. ಯಾವುದೋ ಕಂಪನಿಯವರು ಶಾಲೆಗೆ ಹನ್ನೊಂದು ಹಲಗೆ ಕೊಟ್ಟು ಒಂದು ವರ್ಷವಾಗಿತ್ತು. ಅವು ಕಬ್ಬಿಣದ ಬೀರುವಿನಲ್ಲಿ ಇರುತ್ತಿದ್ದವು. ಬೀಗದ ಕೈ ಮೇಡಂ ಹತ್ತಿರ. ವಾರಕ್ಕೊಮ್ಮೆ ಅರ್ಧ ಗಂಟೆ ಹೊರಗೆ. ಮಿಕ್ಕ ಹೊತ್ತು ಮಕ್ಕಳು ಮೂಗರು. ಮನೆಗೆ ಕೊಡುವುದಿಲ್ಲ. ಒಮ್ಮೆ ಕೇಳಿದ್ದಕ್ಕೆ ಮೇಡಂ, "ನಿಮ್ಮಂಥ ಮನೆಗಳಲ್ಲಿ ಅದು ಉಳಿಯುತ್ತಾ ಹೇಳಿ. ನಾಳೆ ಮಾರುಕಟ್ಟೇಲಿ ಸಿಗುತ್ತೆ," ಎಂದಿದ್ದಳು. ಆಗಲೂ ತಾಯಿಗೆ ತಟ್ಟಿರಲಿಲ್ಲ. ಹೂಂ ಮೇಡಂ ಎಂದು ಬಂದಿದ್ದಳು.

ಈ ಸಲ ಮೇಡಂ ದನಿ ಇಳಿಸಿದಳು. "ಮುಂದಿನ ವಾರ ದಾನಿಗಳು ಬರ್ತಾರೆ. ವೇದಿಕೆ ಮೇಲೆ ಒಂದು ಮಗು ಟ್ಯಾಬ್‌ನಲ್ಲಿ ಮಾತಾಡಿ ತೋರಿಸಬೇಕು. ನಿಮ್ಮ ಮಗಳ ಮುಖ ಚೆನ್ನಾಗಿದೆ. ಧನ್ಯವಾದ ಅಂತ ಒತ್ತಿದ್ರೆ ಸಾಕು. ಚೆನ್ನಾಗಿ ನಡೆದ್ರೆ ಒಂದು ಟ್ಯಾಬ್ ನಿಮ್ಮ ಮನೆಗೇ ಕೊಡ್ತೀವಿ. ನೀವು ಪಕ್ಕದಲ್ಲಿ ನಿಂತಿರಿ. ತಲೆ ಬಾಚಿ ಕರ್ಕೊಂಡ್ ಬನ್ನಿ."

ಹಲಗೆ ಮನೆಗೆ ಬಂದರೆ ಗುಬ್ಬಿ ರಾತ್ರಿಯೂ ಮಾತಾಡಬಹುದು. ಎಲ್ಲಿ ನೋವು, ಎಷ್ಟು ಹೊತ್ತು, ಯಾರು. ನೂರು ಪ್ರಶ್ನೆ ತಪ್ಪುತ್ತದೆ. ಗಾಯ ಮೂಳೆಗೆ ಇಳಿಯುವ ಮೊದಲೇ ತಿಳಿಯುತ್ತದೆ. ತಾಯಿ ಹೂಂ ಮೇಡಂ ಎಂದಳು.

ಒಗೆಯುವ ಮನೆಯಲ್ಲಿ ಇಸ್ತ್ರಿ ಅಕ್ಕ ಇದನ್ನು ಕೇಳಿ, "ಮುಖ ಚೆನ್ನಾಗಿದೆ ಅಂದ್ಲಾ? ನನ್ನ ಮುಖಾನೂ ಚೆನ್ನಾಗಿದೆ, ಒಂದು ಫ್ಯಾನ್ ಕೊಡ್ಸು ಅನ್ನು," ಎಂದಳು. ಇಸ್ತ್ರಿ ಅಕ್ಕ ಉಗಿ ಇಸ್ತ್ರಿಯ ಮುಂದೆ ಇಪ್ಪತ್ತು ವರ್ಷ ನಿಂತವಳು. ಹುಬ್ಬು ಸುಟ್ಟುಹೋಗಿತ್ತು. ಗುಬ್ಬಿಗೆ ಶಾಲೆ ಸಿಗುವವರೆಗೆ, ಐದು ವರ್ಷ, ಆ ಮಗು ಬೆಳೆದದ್ದು ಇವರ ನಡುವೆಯೇ, ಒಗೆದ ಬಟ್ಟೆ ಸಾಗಿಸುವ ಟ್ರಾಲಿಯಲ್ಲಿ. ಮೆಷಿನ್ನುಗಳ ಸದ್ದಿಗೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಎಲ್ಲರೂ ಕೈಸನ್ನೆ ಮಾಡುತ್ತಾರೆ, ಇಲ್ಲವೇ ಕಿರುಚುತ್ತಾರೆ. ಅಲ್ಲಿ ಗುಬ್ಬಿಗೆ ಮಾತು ಬಾರದು ಎಂಬುದು ಯಾರಿಗೂ ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ದಾನಿಗಳು ಬರುವ ಹಿಂದಿನ ದಿನ ಶಾಲೆಯಲ್ಲಿ ಅಭ್ಯಾಸ. ಗುಬ್ಬಿ ಕುರ್ಚಿಯಲ್ಲಿ, ತಾಯಿ ಪಕ್ಕದಲ್ಲಿ. ಮುಂದೆ ಹಲಗೆ. ಆಯಾ ಹೇಳಿಕೊಡುತ್ತಿದ್ದಳು, "ಧನ್ಯವಾದ ಒತ್ತು ಚಿನ್ನ, ಇಲ್ಲಿ, ಮೇಲಿನ ಸಾಲು." ಗುಬ್ಬಿಯ ಮುಷ್ಟಿ ನಡುಗುತ್ತಾ ಎದ್ದಿತು. ಗಾಳಿಯಲ್ಲಿ ಅಲೆಯಿತು. ಕೆಳಸಾಲಿನ ಕೊನೆಯ ಮನೆಯ ಮೇಲೆ ಬಿತ್ತು. ಅಲ್ಲಿ ಚಿತ್ರವಿರಲಿಲ್ಲ. ಬರೀ ಬಿಳಿ. ಹಲಗೆ ಸುಮ್ಮನಿತ್ತು. ಮತ್ತೆ ಎದ್ದಿತು. ಮತ್ತೆ ಅಲ್ಲೇ.

"ಕೈ ಗುರಿ ತಪ್ಪುತ್ತೆ," ಎಂದಳು ಮೇಡಂ ಬಾಗಿಲಲ್ಲಿ ನಿಂತು. "ನಾಳೆ ನಾನೇ ಕೈ ಹಿಡ್ಕೋತೀನಿ." ಫೋನು ಬಂದು ಹೊರಗೆ ಹೋದಳು.

ತಾಯಿ ಹಲಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಓರೆ ಹಿಡಿದಳು. ಹಾಸಿಗೆ ಬಟ್ಟೆಯನ್ನು ಹಾಗೇ ಹಿಡಿದು ನೋಡುವುದು ಅವಳ ರೂಢಿ. ಗಾಜಿನ ಮೇಲೆ ಮುಷ್ಟಿಯ ಜಿಡ್ಡು. ಜೊಲ್ಲಿನ ಗೆರೆ. ನೀರಿನ ಮನೆಯ ಮೇಲೆ ಸ್ವಲ್ಪ. ಊಟದ ಮನೆಯ ಮೇಲೆ ಸ್ವಲ್ಪ. ಧನ್ಯವಾದದ ಮನೆ ಲಕಲಕ ಹೊಳೆಯುತ್ತಿತ್ತು, ಮಗುವಿನ ಕೈ ಅಲ್ಲಿಗೆ ಹೋದದ್ದೇ ಇಲ್ಲ. ಕೊನೆಯ ಖಾಲಿ ಮನೆಯ ಮೇಲೆ ಮಾತ್ರ ಜಿಡ್ಡು ಪದರುಪದರಾಗಿ ಕೂತಿತ್ತು. ಗುರಿ ತಪ್ಪಿದ ಕೈ ಅಲ್ಲೊಂದು ಇಲ್ಲೊಂದು ಬೀಳುತ್ತದೆ. ಇದು ಒಂದೇ ಜಾಗದಲ್ಲಿ ನೂರಾರು ಸಲ ಬಿದ್ದಿದೆ.

"ಇಲ್ಲಿ ಏನಿತ್ತು?" ಎಂದು ಆಯಾಳನ್ನು ಕೇಳಿದಳು.

ಆಯಾ ಬಾಗಿಲ ಕಡೆ ನೋಡಿದಳು. "ನಾನು ಹೇಳಿದೆ ಅನ್ಬೇಡಿ ಅಕ್ಕ. ಅಲ್ಲಿ 'ಬೇಡ' ಅಂತ ಇತ್ತು. ಅದರ ಪಕ್ಕ 'ನೋವು'. ಮೊದಲ ಎರಡು ತಿಂಗಳು ಇತ್ತು. ಮಕ್ಕಳು ಅದನ್ನೇ ಒತ್ತೋರು. ಬೆಲ್ಟ್ ಹಾಕಿದ್ರೆ ಬೇಡ. ಒದ್ದೆ ಬಟ್ಟೇಲಿ ಕೂರಿಸಿದ್ರೆ ಬೇಡ. ಒಂದು ಸಲ ಯಾರೋ ದೊಡ್ಡೋರು ನೋಡೋಕೆ ಬಂದಾಗ ಆರು ಟ್ಯಾಬ್ ಒಟ್ಟಿಗೆ ಬೇಡ ಬೇಡ ಅಂದ್ವು. ಮಾರನೇ ದಿನ ಎರಡೂ ತೆಗೆಸಿದ್ರು. ಬೇರೆ ಮಕ್ಕಳು ಮರೆತುಬಿಟ್ರು. ನಿಮ್ಮವಳು ಬಿಟ್ಟಿಲ್ಲ."

"ಎಷ್ಟು ಹೊತ್ತು ಕಟ್ತೀಯಾ ಇವಳನ್ನ?"

ಆಯಾ ನೆಲ ನೋಡಿದಳು. "ಒಂಬತ್ತಕ್ಕೆ ಹಾಕಿದ್ರೆ ಮೂರಕ್ಕೆ ಬಿಚ್ಚೋದು. ಹನ್ನೊಂದು ಮಕ್ಕಳು ಅಕ್ಕ. ನಂಗೆ ಇರೋದು ಎರಡು ಕೈ."

ತಾಯಿ ಹಲಗೆಯನ್ನು ಕೆಳಗಿಟ್ಟಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೊಣಕೈ ಅದ್ದಿ ನೋಡಿದರೂ ಬಿಸಿಯೋ ತಣ್ಣಗೋ ತಿಳಿಯದ ನೀರಿನ ಹಾಗೆ ಇತ್ತು ಒಳಗೆ. ಹತ್ತು ತಿಂಗಳು ಈ ಮಗು ಬೇಡ ಎಂದು ಹೇಳಿದೆ. ಯಾರೂ ಇಲ್ಲದ ಮನೆಯ ಬಾಗಿಲು ತಟ್ಟಿದ ಹಾಗೆ ತಟ್ಟಿದೆ. ಅಷ್ಟು ಮಾತ್ರ ತಲೆಯಲ್ಲಿ ಓಡುತ್ತಿತ್ತು. ಜೊತೆಗೆ ಇನ್ನೊಂದೂ ಓಡುತ್ತಿತ್ತು: ನಾಳೆ ಬಾಯಿ ಮುಚ್ಚಿಕೊಂಡು ನಿಂತರೆ ಹಲಗೆ ಮನೆಗೆ ಬರುತ್ತದೆ. ಯಾರಿಂದಲಾದರೂ ಆ ಎರಡು ಮನೆ ಮತ್ತೆ ಹಾಕಿಸಬಹುದು. ನಾಳೆ ಒಂದು ದಿನ ಸುಮ್ಮನಿರುವುದು. ಹದಿನಾಲ್ಕು ವರ್ಷ ಸುಮ್ಮನಿದ್ದವಳಿಗೆ ಅದೇನು ಮಹಾ.

ಮರುದಿನ ವೇದಿಕೆ. ಗುಬ್ಬಿಯನ್ನು ಬೆಳಿಗ್ಗೆ ಎಂಟಕ್ಕೇ ಕುರ್ಚಿಗೆ ಬಿಗಿದಿದ್ದರು. ತೊಡೆಯಡಿಯಿಂದ ಸುತ್ತಿ ಬಂದ ಬೆಲ್ಟು ಕಾಣಬಾರದೆಂದು ಮಡಿಲ ಮೇಲೆ ಹೂವಿನ ಹೊದಿಕೆ. ದಾನಿ ಬಂದದ್ದು ಹನ್ನೆರಡಕ್ಕೆ. ಒಳ್ಳೆಯ ಬೂಟು, ಒಳ್ಳೆಯ ನಗು. ಹಿಂದೆ ಕ್ಯಾಮರಾದವನು.

"ಹೇಳು ಪುಟ್ಟಾ," ಎಂದಳು ಮೇಡಂ ಮೈಕಿನಲ್ಲಿ, "ಅಂಕಲ್‌ಗೆ ಏನ್ ಹೇಳ್ತೀಯಾ?"

ಗುಬ್ಬಿಯ ಮುಷ್ಟಿ ಎದ್ದಿತು. ಕೆಳಸಾಲಿನ ಕೊನೆಯ ಮನೆ. ಹಲಗೆ ಸುಮ್ಮನಿತ್ತು. ಮತ್ತೊಮ್ಮೆ. ಮೇಡಂ ನಗುತ್ತಾ, "ಸ್ವಲ್ಪ ಗುರಿ ತಪ್ಪುತ್ತೆ ಸರ್," ಎಂದು ಮಗುವಿನ ಮಣಿಕಟ್ಟು ಹಿಡಿದಳು. ಎತ್ತಿದಳು. ಧನ್ಯವಾದದ ಮೇಲೆ ಇಟ್ಟು ಒತ್ತಿದಳು. "ಧನ್ಯವಾದಗಳು. ನಾನು ಸಂತೋಷವಾಗಿದ್ದೇನೆ," ಎಂದಿತು ಹಲಗೆ, ಯಾವಳೋ ಹೆಂಗಸಿನ ದನಿಯಲ್ಲಿ. ಚಪ್ಪಾಳೆ. ಕ್ಯಾಮರಾದವನು ಕೈಯೆತ್ತಿ, "ಇನ್ನೊಂದ್ಸಲ ಮೇಡಂ, ಫ್ಲಾಶ್ ಬರಲಿಲ್ಲ," ಎಂದ. ಮೇಡಂ ಮತ್ತೆ ಮಣಿಕಟ್ಟು ಹಿಡಿದಳು. ಗುಬ್ಬಿ ಕೈ ಎಳೆದಳು. ಬೆರಳ ಗಿಣ್ಣು ಬೆಳ್ಳಗಾಯಿತು. ಮೇಡಂ ಬಿಡಲಿಲ್ಲ. ಹಲಗೆ ಮತ್ತೆ ಸಂತೋಷವಾಗಿದ್ದೇನೆ ಎಂದಿತು.

ಬಿಟ್ಟ ಕೂಡಲೇ ಮುಷ್ಟಿ ಹೋದದ್ದು ಅಲ್ಲಿಗೇ. ಖಾಲಿ ಮನೆಗೆ. ಟಕ್. ಟಕ್. ಟಕ್.

"ಅದು ಗುರಿ ತಪ್ಪಿದ್ದಲ್ಲ," ಎಂದಳು ತಾಯಿ.

ಮೆಷಿನ್ನುಗಳ ನಡುವೆ ಬಾಳಿದ ಗಂಟಲು. ಮೆಲ್ಲಗೆ ಮಾತಾಡುವುದು ಅದಕ್ಕೆ ಗೊತ್ತಿರಲಿಲ್ಲ. ಮೈಕಿಲ್ಲದೆಯೇ ಕೊನೆಯ ಬೆಂಚಿನವರೆಗೆ ಹೋಯಿತು.

"ಏನಂತೆ?" ಎಂದ ದಾನಿ.

"ತಾಯಿ ಅಲ್ವಾ ಸರ್, ಸ್ವಲ್ಪ ಭಾವುಕರಾಗಿದಾರೆ."

"ಆ ಮನೇಲಿ ಬೇಡ ಅಂತ ಇತ್ತು. ಪಕ್ಕದಲ್ಲಿ ನೋವು ಅಂತ ಇತ್ತು. ತೆಗೆಸಿದ್ದೀರಿ. ತೆಗೆಸಿ ಆಮೇಲೆ ನನ್ನ ಮಗಳು ನೋವು ಅಂತ ಒಂದು ಸಲಾನೂ ಒತ್ತಿಲ್ಲ ಅಂತ ನಂಗೆ ಸೊನ್ನೆ ತೋರಿಸಿದ್ರಿ. ನೀರು ನಲವತ್ತು. ಬೇಡ ಅಂದದ್ದು ಎಷ್ಟು ಅಂತ ಎಣಿಸಿದ್ದೀರಾ ಮೇಡಂ?"

ಅವಳು ಹೂವಿನ ಹೊದಿಕೆ ಎಳೆದಳು. ಬೆಲ್ಟಿನ ಕೊಕ್ಕೆಗೆ ಕೈ ಹಾಕಿದಳು. ಸತ್ತ ಬೆರಳುಗಳು. ಕೊಕ್ಕೆ ಸಿಕ್ಕಲಿಲ್ಲ. ಜಾರಿತು. ಮತ್ತೆ ಹಿಡಿದಳು. ಮತ್ತೆ ಜಾರಿತು. ಇಡೀ ಸಭಾಂಗಣ ನೋಡುತ್ತಿತ್ತು. ಯಾರೂ ಅಲ್ಲಾಡಲಿಲ್ಲ. ಕೊನೆಗೆ ಗೋಡೆಗೆ ಆತು ನಿಂತಿದ್ದ ಆಯಾ ವೇದಿಕೆ ಹತ್ತಿ ಬಂದು, ಯಾರ ಮುಖವನ್ನೂ ನೋಡದೆ, ಕೊಕ್ಕೆ ಒತ್ತಿದಳು. ಬೆಲ್ಟು ಬಿಚ್ಚಿತು.

"ಗಾಯ ಇದೆಯಾ? ಎಲ್ಲಿ, ನೋಡೋಣ," ಎಂದ ದಾನಿ. ಕ್ಯಾಮರಾದವನು ಒಂದು ಹೆಜ್ಜೆ ಮುಂದೆ ಬಂದ.

ತಾಯಿ ಬಗ್ಗಿದಳು. "ತೋರಿಸ್ಲಾ ಗುಬ್ಬಿ?"

ಗುಬ್ಬಿಯ ಕಣ್ಣು ಏಳಲಿಲ್ಲ. ತಾಯಿ ಕಾದಳು. ಏಳಲಿಲ್ಲ. ಬೇಡವೋ, ಸುಸ್ತೋ, ನಾಚಿಕೆಯೋ ಎಂದು ಅವಳು ಈ ಸಲ ಲೆಕ್ಕ ಹಾಕಲಿಲ್ಲ.

"ತೋರಿಸಲ್ಲ," ಎಂದಳು. ಬೆಲ್ಟನ್ನು ಮಗುಚಿ ಒಳಬದಿಯನ್ನು ದಾನಿಯ ಮುಂದೆ ಹಿಡಿದಳು. ಹಳದಿ ಅಂಚು. ನಡುವೆ ಗುಲಾಬಿ. ಹೊಸದರ ಕೆಳಗೆ ಹಳೆಯದು, ಹಳೆಯದರ ಕೆಳಗೆ ಇನ್ನೂ ಹಳೆಯದು. "ಇದನ್ನ ನೋಡಿ. ಇದು ಎರಡು ವಾರದ ಕಲೆ. ಕಲೆ ವಿಷಯ ನಂಗೆ ಹೇಳ್ಕೊಡಬೇಡಿ."

ದಾನಿ ಗಡಿಯಾರ ನೋಡಿದ. ಕ್ಯಾಮರಾದವನು ಯಂತ್ರ ಕೆಳಗಿಳಿಸಿದ. ತಾಯಿ ಗುಬ್ಬಿಯನ್ನು ಬೆನ್ನಿಗೆ ಹಾಕಿಕೊಂಡಳು. ಮೆಟ್ಟಿಲಿಳಿಯುವಾಗ ಹಿಂದಿನಿಂದ ಮೇಡಂ, "ಟ್ಯಾಬ್ ಅಲ್ಲೇ ಇರಲಿ," ಎಂದದ್ದು ಕೇಳಿಸಿತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಹಲಗೆ ಹೋಯಿತು. ಶಾಲೆ ಹೋಯಿತು. ಮರುದಿನ ಗುಬ್ಬಿ ಮತ್ತೆ ನೆಲಮಾಳಿಗೆಗೆ ಬಂದಳು. ಈಗ ಟ್ರಾಲಿಯಲ್ಲಿ ಕಾಲು ಹಿಡಿಸುತ್ತಿರಲಿಲ್ಲ.

ಬಿಡುವಿನಲ್ಲಿ ತಾಯಿ ಇಂಟು ಬಿದ್ದು ತೆಗೆದಿಟ್ಟ ಬಟ್ಟೆಗಳ ಗುಡ್ಡೆಯಿಂದ ಒಂದು ಬಟ್ಟೆ ಎಳೆದಳು. ಅದರ ಮೇಲೆ ದಾರದಲ್ಲಿ ಮನೆಗಳನ್ನು ಹೊಲಿದಳು. ಮೂರು ಸಾಲು, ಸಾಲಿಗೆ ನಾಲ್ಕು ಮನೆ, ಅದೇ ಅಳತೆ. ನೀರಿನ ಮನೆಗೆ ನೀಲಿ ಅಲೆ. ನೋವಿನ ಮನೆಗೆ ಕೆಂಪು ಗೆರೆ, ರಕ್ತದ ಗಂಟಿಗೆ ಹಾಕುವಂಥದ್ದು. ಕೆಳಸಾಲಿನ ಕೊನೆಯ ಮನೆಯಲ್ಲಿ ಕಪ್ಪು ದಾರದ ಇಂಟು. ಗುಬ್ಬಿಗೆ ಯಾರೂ ವಿವರಿಸಲಿಲ್ಲ. ಐದು ವರ್ಷ ಆ ಗುರುತುಗಳ ನಡುವೆ ಬೆಳೆದವಳು. ಬಟ್ಟೆಗೆ ದನಿಯಿಲ್ಲ. ಮುಷ್ಟಿ ಬಿದ್ದಾಗ ಹತ್ತಿರ ಇದ್ದವರು ದನಿ ಕೊಡಬೇಕು. ಮೊದಲ ಮುಷ್ಟಿ ಬಿದ್ದದ್ದು ಇಂಟಿನ ಮೇಲೆ, ಇಸ್ತ್ರಿ ಅಕ್ಕ ಕೊಟ್ಟ ಬಿಸ್ಕತ್ತಿಗೆ. "ಬೇಡವಂತೆ," ಎಂದು ಇಸ್ತ್ರಿ ಅಕ್ಕ ಕಿರುಚಿದಳು, "ನೋಡ್ರೇ, ಬಾಯಿ ಇಲ್ಲದ್ದಕ್ಕೂ ನನ್ನ ಬಿಸ್ಕತ್ತು ಬೇಡವಂತೆ."

ಮಧ್ಯಾಹ್ನ ಆಯಾ ಬಂದಳು. ಕೈಯಲ್ಲಿ ಕಾಗದ. "ಮೇಡಂ ಕಳಿಸಿದ್ರು. ಗಾಯ ಮನೇಲಿ ಆದದ್ದು, ಸ್ವಂತ ಇಷ್ಟದಿಂದ ಮಗೂನ ಬಿಡಿಸ್ಕೊಂಡಿದೀವಿ ಅಂತ ಬರೆದಿದೆ. ಹೆಬ್ಬೆಟ್ಟು ಒತ್ತಿದ್ರೆ ಮುಂದಿನ ವರ್ಷ ಮತ್ತೆ ಸೇರಿಸ್ಕೋಬಹುದಂತೆ." ಕಾಗದ ಕೊಡುತ್ತಾ, "ಒತ್ತಬೇಡಿ ಅಕ್ಕ," ಎಂದಳು.

ತಾಯಿ ಕಾಗದವನ್ನು ಬೆಳಕಿಗೆ ಓರೆ ಹಿಡಿದು ನೋಡಿದಳು. ಸೂಜಿ ತೆಗೆದುಕೊಂಡಳು. ಕೆಳಮೂಲೆಯಲ್ಲಿ ಕಪ್ಪು ದಾರದಲ್ಲಿ ಇಂಟು ಹೊಲಿದಳು. ದಾರ ಹಲ್ಲಿನಲ್ಲಿ ಕಡಿದು ಕಾಗದ ವಾಪಸು ಕೊಟ್ಟಳು.

"ಇದರರ್ಥ ಏನಂತ ಹೇಳ್ಲಿ?"

"ಒಗೆಯೋಕೆ ಬರಲ್ಲ ಅನ್ನು."

ಆಯಾ ಹೋದಳು. ಐದನೇ ವಾರ್ಡಿನ ಗಂಟುಗಳು ಇಳಿದವು. ತಾಯಿಗೆ ಎರಡೂ ಕೈ ಬೇಕು. ಗುಬ್ಬಿ ವಾಲಿ ಬೀಳುತ್ತಾಳೆ. ತಾಯಿ ಹಾಸಿಗೆ ಬಟ್ಟೆಯಿಂದ ಒಂದು ಪಟ್ಟಿ ಹರಿದಳು. ಮಗುವಿನ ಸೊಂಟ ಬಳಸಿ ಟ್ರಾಲಿಯ ಕಂಬಿಗೆ ಕಟ್ಟಲು ಹೋದಳು. ಆ ಐದು ವರ್ಷ ದಿನಾ ಹಾಗೇ ಕಟ್ಟಿದ್ದಳು. ಆಗ ಯಾರೂ ಬೇಡ ಅಂದಿರಲಿಲ್ಲ.

ಮುಷ್ಟಿ ಎದ್ದಿತು. ಅಲೆಯಿತು. ಕೆಳಸಾಲಿನ ಕೊನೆಯ ಮನೆಯ ಮೇಲೆ ಬಿತ್ತು.

ತಾಯಿ ಪಟ್ಟಿ ಹಿಡಿದುಕೊಂಡೇ ನಿಂತಳು. "ಸಡಿಲ ಕಟ್ತೀನಿ ಕಣೆ. ಒಂದ್ ಗಂಟೆ." ಮುಷ್ಟಿ ಮತ್ತೆ ಅಲ್ಲೇ ಬಿತ್ತು. ದೂರದಿಂದ ಇಸ್ತ್ರಿ ಅಕ್ಕ ನೋಡುತ್ತಿದ್ದಳು. ಈ ಸಲ ಅವಳು ದನಿ ಕೊಡಲಿಲ್ಲ. 

ತಾಯಿ ಪಟ್ಟಿಯನ್ನು ನೆಲಕ್ಕೆ ಹಾಕಿದಳು. ಗಂಟುಗಳ ಮೇಲೆ ಕೂತು ಗುಬ್ಬಿಯನ್ನು ಮಡಿಲಿಗೆ ಎಳೆದುಕೊಂಡಳು. ಗಾಯದ ಕಡೆಯನ್ನು ಮೇಲೆ ಮಾಡಿ, ಮನೆ ಹೊಲಿದ ಬಟ್ಟೆಯನ್ನು ಅವಳ ಕೈಗೆಟುಕುವಂತೆ ಹಾಸಿದಳು. ಒಂದೇ ಕೈಯಲ್ಲಿ ಬಟ್ಟೆ ಕೊಡವತೊಡಗಿದಳು. ಒಂದು ಗಂಟು ಮುಗಿಯುವಷ್ಟರಲ್ಲಿ ಏಳು ಗಂಟು ಇಳಿದವು. ಮೆಷಿನ್ನೊಂದು ಬರಿದೇ ತಿರುಗುತ್ತಿತ್ತು.

ಸೂಪರ್‌ವೈಸರ್ ಬಂದ. "ಏನಿದು ಸಂಸಾರ? ಆ ಮೂಟೇನ ಟ್ರಾಲಿಗೆ ಕಟ್ಟಿಹಾಕು. ಕೆಲಸ ನೋಡು."

ಮಡಿಲಲ್ಲಿ ಮುಷ್ಟಿ ಎದ್ದಿತು. ನಡುಗುತ್ತಾ ಹೋಗಿ ಬಟ್ಟೆಯ ಮೂಲೆಯ ಇಂಟಿನ ಮೇಲೆ ಬಿತ್ತು. ಸೂಪರ್‌ವೈಸರ್ ಅದನ್ನು ನೋಡಲಿಲ್ಲ. ಇಸ್ತ್ರಿ ಅಕ್ಕ ದೂರದಲ್ಲಿದ್ದಳು. ಮೆಷಿನ್ನುಗಳ ಸದ್ದು. ಹತ್ತಿರ ಇದ್ದವಳು ಒಬ್ಬಳೇ.

"ಬೇಡ," ಎಂದಳು ತಾಯಿ.